ಅಲಮೇಲಮ್ಮನವರ ದನಿಯ ತೂಕ

ತುಲಾಯಂತ್ರ ಮೆಲ್ಲಗೆ ಗುನುಗಿತು. ಗೋಡೆಯ ಮೇಲೆ ಎರಡು ಬೆಳಕಿನ ಕಂಬಗಳು ಎದ್ದವು. ಒಂದು ಮೂವತ್ತೊಂದರಲ್ಲಿ ನಿಂತಿತು. ಅದರ ಕೆಳಗೆ ‘ಶಸ್ತ್ರಕ್ರಿಯೆ’ ಎಂದಿತ್ತು. ನಲವತ್ನಾಲ್ಕರವರೆಗೆ ಏರಿದ್ದರ ಕೆಳಗೆ ‘ವಿಕಿರಣ’ ಎಂದಿತ್ತು.

“ಗಿಡ್ಡದ್ದೇ ಒಳ್ಳೇದಲ್ವೇನಮ್ಮಾ?” ಎಂದರು ಅಲಮೇಲಮ್ಮ.

“ಹೌದಮ್ಮ. ಇದು ನಷ್ಟದ ಅಳತೆ. ಕಡಿಮೆಯಿದ್ದಷ್ಟೂ ವಾಸಿ,” ಎಂದಳು ಫರೀದಾ.

ಹಾಸನದ ಆಸ್ಪತ್ರೆಯಲ್ಲಿ ಚಿಕಿತ್ಸೆಗಳನ್ನು ತೂಗಿ ನೋಡುವ ಈ ಯಂತ್ರವನ್ನು ರೂಪಿಸಿದ ಗಣಿತಜ್ಞೆ ಅವಳೇ. ಪ್ರತಿಯೊಂದು ಚಿಕಿತ್ಸೆಯೂ ಕವಲೊಡೆಯುವ ದಾರಿ ಎಂಬುದು ಅದರ ಮೂಲತತ್ತ್ವ. ಒಂದು ಕವಲಿನಲ್ಲಿ ರೋಗ ವಾಸಿಯಾಗುತ್ತದೆ, ಇನ್ನೊಂದರಲ್ಲಿ ಮರುಕಳಿಸುತ್ತದೆ. ಪ್ರತಿ ಕವಲೂ ಎದುರಾಗುವ ಸಂಭವವನ್ನು ಅಲ್ಲಿನ ನಷ್ಟದಿಂದ ಗುಣಿಸಿ, ಎಲ್ಲ ಕವಲುಗಳನ್ನೂ ಕೂಡಿಸಿದರೆ ‘ನಿರೀಕ್ಷಿತ ನಷ್ಟ’ ಸಿಗುತ್ತದೆ. ನಷ್ಟವೆಂದರೆ ಹಣವಷ್ಟೇ ಅಲ್ಲ. ನೋವು, ಓಡಾಟ, ಕಳೆದುಹೋಗುವ ಅಂಗ, ಎಲ್ಲವೂ. ಯಾವುದು ತನಗೆಷ್ಟು ಭಾರವೆಂಬುದನ್ನು ಮಾತ್ರ ರೋಗಿಯೇ ಹೇಳಬೇಕು.

ಅಲಮೇಲಮ್ಮನವರ ಗಂಟಲಿನಲ್ಲಿ ಗಡ್ಡೆಯಿತ್ತು. ಶಸ್ತ್ರಕ್ರಿಯೆಯಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು. ವಿಕಿರಣಕ್ಕೆ ಏಳು ವಾರ, ಶನಿವಾರ ಭಾನುವಾರ ಬಿಟ್ಟು ದಿನವೂ ಅರಕಲಗೂಡಿನಿಂದ ಬಂದು ಹೋಗಬೇಕು. ಅದು ಫಲಿಸದ ಸಂಭವ ನೂರಕ್ಕೆ ಇಪ್ಪತ್ತು. ಆಗ ಶಸ್ತ್ರಕ್ರಿಯೆಯೇ ಗತಿ. ಪ್ರಾಣಾಪಾಯದಲ್ಲಿ ಎರಡಕ್ಕೂ ಹೆಚ್ಚಿನ ಅಂತರವಿರಲಿಲ್ಲ.

“ಸರಿ, ಕುಯ್ದುಬಿಡಿ. ದೇವರಿದ್ದಾನೆ,” ಎಂದು ಅಲಮೇಲಮ್ಮ ಸೆರಗು ಸರಿಪಡಿಸಿಕೊಂಡು ಎದ್ದರು.

ಜೊತೆಗೆ ಬಂದಿದ್ದ ತಿರುಮಲಾಚಾರ್ಯರು ಮಾತ್ರ ಏಳಲಿಲ್ಲ. ಅರಕಲಗೂಡಿನ ದೇವಸ್ಥಾನದಲ್ಲಿ ಏಕಾದಶಿಗೊಮ್ಮೆ ಅಲಮೇಲಮ್ಮ ಭಾರತವನ್ನು ರಾಗವಾಗಿ ಓದುತ್ತಿದ್ದರು. ಒಂದೊಂದು ಪದ್ಯಕ್ಕೂ ಅರ್ಥ ಹೇಳುತ್ತಿದ್ದವರು ಈ ಆಚಾರ್ಯರು.

“ತಾಯೀ, ನಿಮ್ಮ ಯಂತ್ರದಲ್ಲಿ ಇವರ ದನಿಗೆ ಎಷ್ಟು ಹಾಕಿದೀರಿ?”

ಫರೀದಾ ತೆರೆ ನೋಡಿದಳು. “ಸೊನ್ನೆ. ಅವರೇ ಹೇಳಿದ್ದು.”

“ಏನ್ರೀ ಇದು?” ಆಚಾರ್ಯರು ಅಲಮೇಲಮ್ಮನವರತ್ತ ತಿರುಗಿದರು.

“ಇನ್ನೇನು ಹೇಳ್ಲಿ ಆಚಾರ್ರೇ? ನಿಮ್ಮ ದನಿಗೆ ಎಷ್ಟು ಬೆಲೆ ಅಂದ್ರು. ನಂದೇನಿದೆ ಅದ್ರಲ್ಲಿ? ಓದಿಸೋನು ಅವನು. ಸೊನ್ನೆ ಅಂದೆ.”

“ಕೇಳಿದ್ರಾ? ಇವರು ಓದಿದ್ದಕ್ಕೆಲ್ಲ ಅರ್ಥ ಹೇಳಿ ಹೇಳಿ ನನ್ನ ಹಲ್ಲು ಉದುರಿದ್ವು. ಇನ್ನು ಇವರು ಆಡಿದ ಮಾತಿಗೂ ನಾನೇ ಅರ್ಥ ಹೇಳ್ಬೇಕು! ತಾಯೀ, ನಮ್ಮ ಕಡೆ ದೇವರ ಮುಂದೆ ಓದೋರು ಯಾರೂ ತಮ್ಮ ದನಿ ದೊಡ್ಡದು ಅನ್ನಲ್ಲ. ಆ ಸೊನ್ನೆ ಲೆಕ್ಕದ್ದಲ್ಲ, ನಮಸ್ಕಾರದ್ದು.”

ವಿನಯಕ್ಕೆ ಯಂತ್ರದಲ್ಲಿ ಜಾಗವಿರಲಿಲ್ಲ. ಫರೀದಾ ಪ್ರಶ್ನೆಯನ್ನೇ ಬದಲಿಸಿದಳು. “ಅಮ್ಮಾ, ಬೆಲೆ ಬಿಡಿ. ದನಿ ಹೋಯ್ತು ಅಂದ್ಕೊಳ್ಳಿ. ಮಾರನೇ ದಿನ ಬೆಳಿಗ್ಗೆ ಏನು ಮಾಡ್ತೀರಿ?”

“ಏಳ್ತೀನಿ. ಸ್ನಾನ ಮಾಡ್ತೀನಿ. ದೀಪ ಹಚ್ತೀನಿ. ಆಮೇಲೆ...” ಅಲಮೇಲಮ್ಮ ಅಲ್ಲಿಗೇ ನಿಂತರು. “ಆಮೇಲೆ ಏನು ಮಾಡ್ತೀನೋ ಗೊತ್ತಾಗ್ತಿಲ್ಲಮ್ಮ.”

ಫರೀದಾ ಅಳತೆಯ ಗುಂಡಿಯನ್ನು ಅವರ ಕೈಗೆ ಕೊಟ್ಟಳು. ಅವರು ಸಂಕೋಚದಿಂದ ತಿರುಗಿಸುತ್ತಾ ಹೋಗಿ ನಲವತ್ತಕ್ಕೆ ನಿಲ್ಲಿಸಿದರು. “ಅತಿಯಾಯ್ತೇನೋ?”

ಯಂತ್ರ ಮತ್ತೆ ಗುನುಗಿತು. ಶಸ್ತ್ರಕ್ರಿಯೆ ಆ ನಲವತ್ತನ್ನು ಪೂರ್ತಿ ಹೊತ್ತು ಎಪ್ಪತ್ತೊಂದಕ್ಕೆ ಏರಿತು. ವಿಕಿರಣದ ಪಾಲಿಗೆ ಬಂದದ್ದು ಅದರ ಐದರಲ್ಲೊಂದು ಭಾಗ, ಎಂಟು. ಒಟ್ಟು ಐವತ್ತೆರಡು.

“ಇದರಲ್ಲೂ ಹೆಚ್ಚಿನ ಭಾರ ಓಡಾಟದ್ದೇ. ಜೊತೆಗೆ ಬರೋಕೆ ಯಾರಾದ್ರೂ ಇರ್ಲೇಬೇಕು,” ಎಂದಳು ಫರೀದಾ.

“ಕೇಳೋಕೆ ಇಷ್ಟು ಜನ ಇದ್ದಾರೆ, ಬಸ್ಸು ಹತ್ತೋಕೆ ಇರಲ್ವೇ?” ಎಂದರು ಆಚಾರ್ಯರು.

ವಿಕಿರಣ ಚಿಕಿತ್ಸೆ ಆರಂಭವಾಯಿತು. ಗಂಟಲಿಗೆ ವಿಶ್ರಾಂತಿ ಬೇಕೆಂದು ವೈದ್ಯರು ಮಾತನ್ನೇ ನಿಷೇಧಿಸಿದರು. ದಿನವೂ ಸಂಜೆ ತುಲಾಯಂತ್ರ ಅಲಮೇಲಮ್ಮನವರ ಮನೆಯ ತೆರೆಯಲ್ಲಿ ‘ಇಂದು ಹೇಗಿತ್ತು?’ ಎಂದು ವಿಚಾರಿಸಿ, ತನ್ನ ಅಂದಾಜನ್ನು ತಿದ್ದಿಕೊಳ್ಳುತ್ತಿತ್ತು. ಅವರು ಗುಂಡಿ ತಿರುಗಿಸಿ ಉತ್ತರಿಸುತ್ತಿದ್ದರು.

ಮೂರನೆಯ ವಾರ ಫರೀದಾಳಿಗೆ ಒಂದು ದೋಷ ಕಂಡಿತು. ಓಡಾಟದ ನಷ್ಟ ಸೊನ್ನೆಗಿಂತಲೂ ಕೆಳಗಿಳಿದಿತ್ತು. ಮನೆಯಲ್ಲೇ ಉಳಿಯುವ ಶನಿವಾರ ಭಾನುವಾರಗಳು ಭಾರವಾಗಿದ್ದವು. ಪ್ರಯಾಣದ ದಿನಗಳ ಅಂಕಿಗಳಿಗೆಲ್ಲ ಋಣಚಿಹ್ನೆ. ಸೂತ್ರವನ್ನು ಎರಡು ದಿನ ಜಾಲಾಡಿದರೂ ತಪ್ಪು ಸಿಗಲಿಲ್ಲ. ಮೂರನೆಯ ದಿನ ಅವಳು ಅರಕಲಗೂಡಿಗೆ ಹೋಗಿ ಅದೇ ಬಸ್ಸು ಹತ್ತಿದಳು.

ಚಾಲಕನಿಲ್ಲದ ಬಸ್ಸು ಅದರ ಪಾಡಿಗೆ ಓಡುತ್ತಿತ್ತು. ಒಳಗೆ ಹೂವಿನಂಗಡಿಯ ಪುಟ್ಟತಾಯಮ್ಮ ಭಾರತ ಓದುತ್ತಿದ್ದರು! ಪುಸ್ತಕವಿಲ್ಲ. ವರ್ಷಗಟ್ಟಲೆ ಕೇಳಿ ಕೇಳಿ ಬಾಯಿಗೆ ಬಂದದ್ದು. ಒಬ್ಬರು ಮರೆತರೆ ಜೊತೆಗೆ ಬಂದ ಊರವರಲ್ಲಿ ಇನ್ನೊಬ್ಬರು ಎತ್ತಿಕೊಳ್ಳುತ್ತಿದ್ದರು. ಕಿಟಕಿಯ ಪಕ್ಕದಲ್ಲಿ ಅಲಮೇಲಮ್ಮ ಕಣ್ಣು ಮುಚ್ಚಿ ಕುಳಿತಿದ್ದರು. ರಾಗ ಜಾರಿದಾಗ ಮಾತ್ರ ಅವರ ಬೆರಳು ಮೇಲೇಳುತ್ತಿತ್ತು.

“ಇವರಿಗೆ ಯಾರೂ ಯಾವತ್ತೂ ಓದಿ ಹೇಳಿರ್ಲಿಲ್ಲ. ಬರೀ ಬಡಿಸಿದ್ದೇ ಆಯ್ತು. ಈಗ ಎಲೆ ಮುಂದೆ ಕೂತಿದ್ದಾರೆ,” ಎಂದು ಆಚಾರ್ಯರು ಪಿಸುಗುಟ್ಟಿದರು.

ಫರೀದಾ ಸೂತ್ರವನ್ನು ತಿದ್ದಲಿಲ್ಲ. ಜೊತೆಗೆ ಹೋಗುವುದು ಯಾವಾಗಲೂ ಖರ್ಚೇ ಎಂದು ತಾನು ನಂಬಿ ಟಿಪ್ಪಣಿಯಲ್ಲಿ ಬರೆದಿಟ್ಟಿದ್ದ ಸಾಲೊಂದನ್ನು ಅಳಿಸಿದಳು.

ಚಿಕಿತ್ಸೆ ಮುಗಿದು ಕೆಲವು ವಾರಗಳ ನಂತರ, ಫಲ ತಿಳಿಯುವ ಪರೀಕ್ಷೆಗೆ ಅವರೆಲ್ಲರೂ ಅದೇ ಬಸ್ಸಿನಲ್ಲಿ ಓದು ಮುಂದುವರಿಸುತ್ತಾ ಬಂದರು. ವೈದ್ಯರು ನಗುತ್ತಾ ಹೊರಬಂದರು. “ಗಡ್ಡೆ ಕರಗಿದೆ. ದನಿ ಉಳೀತು. ಇನ್ನು ಆರು ತಿಂಗಳು ನೀವು ಈ ಕಡೆ ಬರೋದೇ ಬೇಡ.”

ಸಂತೋಷದಲ್ಲಿ ಕೈಮುಗಿದವರ ಮುಖ ಆ ಕೊನೆಯ ಮಾತಿಗೆ ಬಾಡಿತು.

“ಗುಣವಾಯ್ತು ಅಂದ್ರೆ ಅಳೋ ಜನಾನ ಎಲ್ಲಾದ್ರೂ ನೋಡಿದ್ರಾ ಡಾಕ್ಟ್ರೇ?” ಎಂದು ಆಚಾರ್ಯರು ಅಂಗವಸ್ತ್ರದಿಂದ ತಮ್ಮ ಕಣ್ಣನ್ನೇ ಒರೆಸಿಕೊಂಡರು.

ಅಲಮೇಲಮ್ಮ ಗಂಟಲು ಸರಿಮಾಡಿಕೊಂಡರು. ಇನ್ನೂ ಒರಟಾಗಿದ್ದರೂ ಅದು ಅವರದೇ ದನಿ.

“ಕರ್ಣ ಇನ್ನೂ ರಥ ಹತ್ತಿಲ್ಲ, ಅರ್ಧಕ್ಕೇ ಬಿಡೋದೇನು? ನಾಳೆ ಅದೇ ಬಸ್ಸಿಗೆ ಬನ್ನಿ ಎಲ್ರೂ. ಪುಟ್ಟತಾಯಮ್ಮ ಓದ್ಲಿ. ನಾನು ಕೇಳ್ಬೇಕು.”