ಎರಡೂ ಎಡತೋಳು

"ನಿಮ್ಮ ಭುಜಾನೇ ಸೊಟ್ಟ! ನನ್ನ ಹೊಲಿಗೆ ಅಲ್ಲ!"

ಟೈಲರಮ್ಮನ ಕಿರುಚಾಟಕ್ಕೆ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕನ್ನಡಿ ಮುಂದೆ ಹೊಸ ಕೋಟು ತೊಟ್ಟ ಬಸ್ ಡ್ರೈವರ್ ಬಲಗೈ ಎತ್ತಲಾಗದೆ ಒದ್ದಾಡುತ್ತಿದ್ದ.

"ಮೇಡಂ, ಇದೇ ಭುಜ ಇಟ್ಕೊಂಡು ಬಸ್ ಓಡಿಸ್ತಿದೀನಿ... ಯಾವ ಪ್ಯಾಸೆಂಜರೂ ಕಂಪ್ಲೇಂಟ್ ಮಾಡಿಲ್ಲ."

ಎಲ್ಲರೂ ಕಿಸಕ್ಕನೆ ನಕ್ಕರು. ಅವಳು ಕೋಟು ಕಿತ್ತುಕೊಂಡು ತಿರುವಿ ನೋಡಿದಳು. ಎರಡೂ ಎಡತೋಳು! ಬಟ್ಟೆ ತಿರುಗಿಸದೆ ಎರಡನ್ನೂ ಒಂದೇ ಕಡೆಗೆ ಕತ್ತರಿಸಿಬಿಟ್ಟಿದ್ದಳು.

'ಅಯ್ಯೋ... ಭೂಮಿ ಬಾಯಿ ಬಿಡಬಾರದೇ!'

ಅಪ್ಪ ಹಾಸಿಗೆ ಹಿಡಿದಾಗಿನಿಂದ ಮನೆ, ಅಂಗಡಿ ಎಲ್ಲ ಅವಳ ತಲೆ ಮೇಲೆ. ನಿದ್ದೆಯಿಲ್ಲ. ಸುಮ್ಮಸುಮ್ಮನೆ ಎದೆ ಡವಡವ. ಹೇಳಿಕೊಳ್ಳಲು ನಾಚಿಕೆ.

"ನಾಳೆ ಬನ್ನಿ" ಎಂದು ಪರದೆಯ ಹಿಂದೆ ಓಡಿದಳು.

ಮರುದಿನ ಅವನ ಬಸ್ಸು ಎದುರಿನ ಸ್ಟಾಪಿಗೆ ಬಂದಾಗಲೆಲ್ಲ ಮೇಜಿನ ಕೆಳಗೆ ಬಗ್ಗಿ ಇಲ್ಲದ ಗುಂಡುಸೂಜಿ ಹುಡುಕಿದಳು. ಸಂಜೆ ಅವನೇ ಒಳಗೆ ಬಂದ.

"ತಪ್ಪು ನಂದೇ..." ಅವಳು ತಲೆ ಎತ್ತಲಿಲ್ಲ. "ಸರಿ ಮಾಡೋಣ ಅಂದ್ರೆ ಕತ್ತರಿ ಹಿಡಿಯೋಕೇ ಆಗ್ತಿಲ್ಲ. ಬಯ್ಯೋದಿದ್ರೆ ಬೈದುಬಿಡಿ."

"ಬಯ್ಯೋಕೆ ಬಂದಿಲ್ಲ. ನಿನ್ನೆ ನಿಮ್ಮ ಕೈ ನಡುಗೋದು ನೋಡ್ದೆ. ನಂಗೂ ಹಾಗಾಗಿತ್ತು... ನಡುರಸ್ತೇಲಿ ಬಸ್ ನಿಲ್ಲಿಸಿ ಗೊಳೋ ಅಂತ ಅತ್ತಿದ್ದೆ. ಹಿಂದಿನ ಗಾಡಿಯವರೆಲ್ಲ ಹಾರ್ನ್ ಹೊಡೆದಿದ್ದೇ ಹೊಡೆದಿದ್ದು!"

"ಆಮೇಲೆ...?"

"ಮನಸ್ಸಿನ ಡಾಕ್ಟರ್ ಹತ್ರ ಹೋದೆ. ನಿದ್ದೆ ಬಂತು. ಅಷ್ಟೇ ರೀ, ಬೇರೆ ಗುಟ್ಟಿಲ್ಲ. ಡ್ಯೂಟಿ ಮುಗಿದ್ರೆ ನನ್ನ ಕೈಯಿಂದ ಸ್ಟೇರಿಂಗ್ ಬಿಡಿಸ್ತಾರೆ. ನಿಮ್ಮ ಕೈಯಿಂದ ಕತ್ತರಿ ಯಾರು ಬಿಡಿಸ್ತಾರೆ?"

"ಯಾರೂ ಇಲ್ಲ..." ಅವಳಿಗೆ ಅಳು ಒತ್ತರಿಸಿ ಬಂತು. ಅವನು ತನ್ನ ಡಾಕ್ಟರ ಬಳಿ ಅವಳಿಗೊಂದು ದಿನ ಗೊತ್ತುಮಾಡಿಕೊಟ್ಟು, ಕೋಟನ್ನು ಇದ್ದ ಹಾಗೇ ಎತ್ತಿಕೊಂಡು ಹೋದ.

ಆ ದಿನ ಡಾಕ್ಟರ ಬಾಗಿಲಲ್ಲಿ ಕಾಯುವಾಗ ಅವಳು ಮುಖದ ತುಂಬ ದುಪಟ್ಟಾ ಹೊದ್ದಿದ್ದಳು. 'ಗಿರಾಕಿಗಳು ಯಾರಾದರೂ ನೋಡಿಬಿಟ್ಟರೆ?' ಆಗ ಅವನು ಬಂದ, ಅದೇ ಕೋಟಿನಲ್ಲಿ! ಬಲಗೈ ಸೆಟೆದುಕೊಂಡು ನಿಂತಿತ್ತು. ಕೂತವರೆಲ್ಲ ಪಿಳಿಪಿಳಿ ನೋಡಿದರು.

"ಇದನ್ನ ಯಾಕೆ ಹಾಕ್ಕೊಂಡ್ ಬಂದ್ರಿ?!"

"ನೋಡೋರು ನನ್ನೇ ನೋಡ್ಲಿ ಅಂತ."

ಅವಳಿಗೆ ನಗುವೂ ಬಂತು, ಅಳುವೂ ಬಂತು. ದುಪಟ್ಟಾ ತಾನಾಗಿ ಜಾರಿತು. ಅವಳು ಅದನ್ನು ಮತ್ತೆ ಎಳೆದುಕೊಳ್ಳಲಿಲ್ಲ.

ಕೆಲವು ತಿಂಗಳು ಹಿಡಿಯಿತು. ನಿದ್ದೆ ಮೆಲ್ಲಗೆ ಮರಳಿತು. ಭಾನುವಾರ ಅಪ್ಪನನ್ನು ನೋಡಿಕೊಳ್ಳಲು, ಮದುವೆಯಾಗಿ ಹೋಗಿದ್ದ ಅಕ್ಕನನ್ನು ಬಾಯಿಬಿಟ್ಟು ಕೇಳಿದಳು. ಒಂದು ಸಂಜೆ ಬಲತೋಳು ಹೊಲಿದು ಅವನಿಗೆ ಕೋಟು ತೊಡಿಸಿದಳು. ಕೈ ನಡುಗಲಿಲ್ಲ.

ಅವನು ಕನ್ನಡಿ ನೋಡಿಕೊಂಡ. "ಕೋಟು ಸರಿಹೋಯ್ತು. ಇನ್ನು ಇಲ್ಲಿಗೆ ಬರೋಕೆ ನಂಗೆ ನೆಪಾನೇ ಇಲ್ಲ..."

"ನೆಪ ಯಾಕೆ? ನೀವು ಬೇಕು ನಂಗೆ," ಎಂದವಳ ಕೆನ್ನೆ ಕೆಂಪಾಯಿತು.

"ಸೊಟ್ಟ ಭುಜದವನು... ಪರವಾಗಿಲ್ವಾ?"

ಅವಳು ಮೆಲ್ಲಗೆ ಆ ಭುಜಕ್ಕೆ ತಲೆ ಒರಗಿಸಿದಳು.

"ನನ್ನ ಅಳತೆಗೆ ಸರಿಯಾಗಿದೆ."