ಕಿಚ್ಚಯ್ಯನ ಹೊಟ್ಟೆಯೂ ಹನ್ನೆರಡು ಮಾರು ನೀರೂ

ಬಹಳ ಬಹಳ ಹಿಂದೆ, ಕಡಲಿಗೆ ಉಪ್ಪಿನ ರುಚಿ ಇನ್ನೂ ಹೊಸದಾಗಿದ್ದ ಕಾಲದಲ್ಲಿ, ಏಳುತೆರೆ ಅಂತ ಒಂದು ರಾಜ್ಯ ಇತ್ತು. ಸುತ್ತ ನೀರು, ನಡುವೆ ನೆಲ. ಒಂದು ವೀಳ್ಯ ಜಗಿದು ಮುಗಿಸುವಷ್ಟು ಹೊತ್ತು ದೋಣಿ ಹುಟ್ಟು ಹಾಕಿದರೆ ಸಾಕು, ಕೆಳಗೆ ಕಡಲ ತಳದಲ್ಲಿ ಹವಳದ ತೋಟ. ಕೆಂಪು, ನೇರಳೆ, ಹಳದಿ, ಹಸುರು, ಯಾವ ಬಣ್ಣ ಬೇಕು ಹೇಳಿ, ಅದು ಅಲ್ಲಿತ್ತು. ಆ ತೋಟದಲ್ಲಿ ಮೀನು ಹುಟ್ಟುತ್ತಿದ್ದವು, ಆ ಮೀನು ತಿಂದು ಏಳುತೆರೆಯ ಜನ ಬದುಕುತ್ತಿದ್ದರು.

ಒಂದು ದಿನ ಆ ತೋಟಕ್ಕೆ ಒಬ್ಬ ಮಾಂತ್ರಿಕ ಬಂದು ವಕ್ಕರಿಸಿದ. ಅವನ ಹೆಸರು ಕಿಚ್ಚಯ್ಯ. ಅವನದು ನಮ್ಮ ನಿಮ್ಮಂಥವರ ಹೊಟ್ಟೆಕಿಚ್ಚಲ್ಲ. ನಾವಾದರೆ ಪಕ್ಕದ ಮನೆಯವಳ ಹೊಸ ಸೀರೆ ನೋಡಿ ನಾಲ್ಕು ದಿನ ಉರಿದು ಸುಮ್ಮನಾಗುತ್ತೇವೆ. ಅವನ ಹೊಟ್ಟೆಯಲ್ಲಿ ನಿಜವಾದ ಬೆಂಕಿಯೇ ಇತ್ತು. ಹೊಕ್ಕುಳಲ್ಲಿ ಇಣುಕಿದರೆ ಕೆಂಡ ಕಾಣುತ್ತಿತ್ತು. ಮೀನಿನ ಬಣ್ಣ ನೋಡಿದ, ಉರಿದ. ಹವಳದ ಬಣ್ಣ ನೋಡಿದ, ಉರಿದ. ಮೇಲೆ ದೋಣಿಯಲ್ಲಿ ಯಾರೋ ನಕ್ಕದ್ದು ಕೇಳಿಸಿತು, ಇನ್ನೂ ಉರಿದ. ಅವನ ಉರಿಗೆ ಕಡಲು ಕಾಯತೊಡಗಿತು. ನೀರು ಕಾದಂತೆಲ್ಲ ಹವಳದ ಬಣ್ಣ ಬಿಟ್ಟುಹೋಗಿ ತೋಟವೆಲ್ಲ ಬೆಳ್ಳಗೆ ಎಲುಬಿನ ಹಾಗಾಯಿತು. ಮೀನುಗಳು ಗಂಟುಮೂಟೆ ಕಟ್ಟಿ ಊರು ಬಿಟ್ಟವು.

ಆ ರಾಜ್ಯದ ಅರಸ ತೆರೆರಾಯ. ಒಳ್ಳೆಯವನೇ, ಬುದ್ಧಿ ಮಾತ್ರ ಸ್ವಲ್ಪ ಕಮ್ಮಿ. "ಕಡಲು ಕಾದಿದ್ದರೆ ತಣ್ಣೀರು ಹೊಯ್ಯಿರಿ!" ಅಂದ. ಸಾವಿರ ಆಳು ಸಾವಿರ ಕೊಡ ಹೊತ್ತು ಊರಿನ ಬಾವಿಗಳ ನೀರನ್ನೆಲ್ಲ ಕಡಲಿಗೆ ಸುರಿದರು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು, ಮೇಲಿಂದ ಕುಡಿಯುವ ನೀರಿಗೂ ತತ್ವಾರ ಬಂತು. ಆಮೇಲೆ ಡಂಗುರ ಸಾರಿಸಿದ: "ಕಡಲು ತಣ್ಣಗೆ ಮಾಡಿದವರಿಗೆ ಅರ್ಧ ರಾಜ್ಯ!"

ಆ ಊರಲ್ಲಿ ಜಟ್ಟಣ್ಣ ಅಂತ ಒಬ್ಬ ಮುಳುಗುಗಾರ ಇದ್ದ. ಅಪ್ಪ ಅಮ್ಮ ಇಲ್ಲ, ಇದ್ದವಳು ತಂಗಿ ದೇಮಿ ಒಬ್ಬಳೇ. ಅವಳನ್ನು ಹೆಗಲ ಮೇಲೆ ಹೊತ್ತು ಸಾಕಿದವನು ಅವನೇ. ದೇಮಿ ಉಪ್ಪಿನ ಆಗರದಲ್ಲಿ ಉಪ್ಪು ಕೆರೆಯುವವಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಹುಟ್ಟಿದಾಗಿನಿಂದ ಮೊಣಕಾಲು ನೀರಿಗಿಂತ ಆಚೆ ಹೋದವಳಲ್ಲ.

ಡಂಗುರ ಕೇಳಿದ ಜಟ್ಟಣ್ಣ ಈಟಿ ಹಿಡಿದು ಮುಳುಗಿದ. ಮೇಲೆ ಬರಲಿಲ್ಲ.

ದೋಣಿಯಲ್ಲಿ ಹಗ್ಗ ಹಿಡಿದು ಕೂತಿದ್ದವಳು ಮುಳುಗಜ್ಜಿ. ಏಳುತೆರೆಯ ಮುಳುಗುಗಾರರಿಗೆಲ್ಲ ಅವಳೇ ಗುರು. ನಿಜವಾದ ಹೆಸರು ಅವಳಿಗೇ ಮರೆತುಹೋಗಿತ್ತು. ಅವಳು ತನ್ನ ಕೈಲಾದಷ್ಟು ಆಳಕ್ಕೆ ಇಳಿದು, ಇಣುಕಿ ನೋಡಿ, ಆಗರಕ್ಕೆ ಓಡಿಬಂದಳು.

"ದೇಮೀ, ನಿನ್ನಣ್ಣ ಹನ್ನೆರಡು ಮಾರಿನಲ್ಲಿ ಬಿಳೀ ಹವಳವಾಗಿ ನಿಂತಿದಾನೆ ಕಣೆ. ಬೆಳ್ಳಗಾದದ್ದು ಮೂರು ಹಗಲು ತಡೀತದೆ. ಆಮೇಲೆ ಪುಡಿ."

ದೇಮಿ ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟಳು. "ಹಂಗಾರೆ ನೀನು ಹೋಗಿ ಕರ್ಕೊಂಡು ಬಾ ಅಜ್ಜಿ!"

"ನನ್ನ ಉಸಿರು ಈಗ ಏಳು ಮಾರಿಗೇ ಮುಗೀತದೆ. ವಯಸ್ಸಾಯ್ತು. ಉಳಿದ ಮುಳುಗುಗಾರರು ಹೆದರಿ ಮಂಚದ ಕೆಳಗೆ ಸೇರ್‍ಕೊಂಡಿದಾರೆ."

"ಹಂಗಾರೆ ನಾನು ಹೋಗ್ತೀನಿ. ಕಲಿಸು."

"ನಿನಗೆ ಮೂರು ದಿನದಲ್ಲಿ?"

"ಅಣ್ಣ ನನ್ನ ಸಾಕೋವಾಗ ಅವನಿಗೆ ಎಂಟು ವರ್ಷ ಅಜ್ಜಿ. ಅವನಿಗೆ ಯಾರು ಕಲಿಸಿದ್ರು?"

ಅಜ್ಜಿ ಹಗ್ಗವನ್ನು ಹೆಗಲಿಗೆ ಹಾಕಿಕೊಂಡಳು. ಕೈಹಿಡಿದು ದೋಣಿ ಹತ್ತಿಸಿದಳು.

ದೋಣಿಯಲ್ಲೇ ಪಾಠ ಆಯಿತು. "ದಬದಬ ಉಸಿರು ಎಳೀಬೇಡ, ತಲೆ ತಿರುಗಿ ಬೀಳ್ತೀಯ. ಕೊಡ ತುಂಬೋ ಹಂಗೆ ತುಂಬು, ಹೊಟ್ಟೆ ಮೊದಲು, ಎದೆ ಆಮೇಲೆ. ಕಿವಿ ಒತ್ತಿಕೊಂಡು ಬಂತಾ, ಮೂಗು ಹಿಡಿದು ಒಳಗೇ ಊದು. ಟಪ್ ಅಂದ್ರೆ ಮುಂದಕ್ಕೆ ಹೋಗು, ಅನ್ನದಿದ್ರೆ ಮರ್ಯಾದೆಯಿಂದ ವಾಪಸ್ ಬಾ. ಇನ್ನು ಮುಖ್ಯವಾದದ್ದು. ಕೆಳಗೆ ಏನೇ ಆಗಲಿ, ಬಾಯಿ ತೆರೆದೀಯ ಜೋಕೆ! ಅಲ್ಲಿ ಒಂದು ಮಾತು ಅಂದ್ರೆ ಒಂದು ಉಸಿರು. ನಿನ್ನ ಹತ್ರ ಇರೋದೂ ಒಂದೇ. ನಿನ್ನ ಬಾಯಿ ನನಗೆ ಗೊತ್ತು, ಅದಕ್ಕೇ ಹೇಳ್ತಿದೀನಿ."

ಮೊದಲ ದಿನ ದೇಮಿ ಕಲ್ಲು ಹಿಡಿದು, ಹಗ್ಗದ ಜಾಡಿನಲ್ಲಿ ಇಳಿದಳು. ಎರಡು ಮಾರಿಗೇ ಕಿವಿಗೆ ಸೂಜಿ ಚುಚ್ಚಿದ ಹಾಗಾಗಿ ಕಿರುಚುತ್ತ ಮೇಲೆ ಬಂದಳು. ಮತ್ತೆ ಇಳಿದಳು, ಮತ್ತೆ ಬಂದಳು. ಮಧ್ಯಾಹ್ನದ ಹೊತ್ತಿಗೆ ಕಿವಿ ಟಪ್ ಅಂದಿತು. ಮೂರು ಮಾರಿನಲ್ಲಿ ತೋಟದ ಮೊದಲ ಬಾಗಿಲು. ಅಲ್ಲೊಂದು ಆಮೆ, ಬತ್ತ ಒಕ್ಕುವ ಕಣದಷ್ಟು ದೊಡ್ಡದು. ಜಟ್ಟಣ್ಣ ಈಟಿ ಹಿಡಿದು ನುಗ್ಗಿದ ಮೇಲೆ ಕಿಚ್ಚಯ್ಯ ಅದರ ಕಣ್ಣಿಗೆ ಸುಣ್ಣ ಮೆತ್ತಿ ಕುರುಡು ಮಾಡಿ ಕಾವಲಿಗೆ ಕೂರಿಸಿದ್ದ. ಕಾಣದ ಸಿಟ್ಟಿಗೆ ಅದು ಎದುರಿಗೆ ಬಂದದ್ದನ್ನೆಲ್ಲ ಕಚ್ಚುತ್ತಿತ್ತು. ದೇಮಿ ಎದುರಿಗೆ ಹೋಗಲೇ ಇಲ್ಲ. ಮೇಲಿಂದ ಇಳಿದು ಬೆನ್ನ ಮೇಲೆ ಕೂತು, ಉಪ್ಪು ಕೆರೆಯುವ ಮರದ ಹಲಗೆಯಿಂದ ಕಣ್ಣಿನ ಸುಣ್ಣವನ್ನು ಕೆರೆದು ತೆಗೆದಳು. ಅದೇ ಅಲ್ಲವೇ ಅವಳ ಕಸುಬು! ಆಮೆ ಕಣ್ಣು ಪಿಳಿಪಿಳಿ ಬಿಟ್ಟು ಅವಳನ್ನು ನೋಡಿ, ತಲೆ ಬಾಗಿಸಿ ದಾರಿ ಬಿಟ್ಟಿತು.

ಎರಡನೆಯ ದಿನ ಏಳು ಮಾರು. ಅಲ್ಲಿ ಎರಡನೆಯ ಬಾಗಿಲು, ಬಾಗಿಲಿಗೆ ಏಳು ಸುತ್ತು ಸುತ್ತಿಕೊಂಡ ಹಾವುಮೀನು. ಅಲುಗಾಡಿದವರನ್ನು ನುಂಗುವುದು ಅದಕ್ಕೆ ಕಿಚ್ಚಯ್ಯ ಕೊಟ್ಟ ಅಪ್ಪಣೆ. ಅದು ಬಂದು ದೇಮಿಯ ಸೊಂಟ ಸುತ್ತಿತು, ಕುತ್ತಿಗೆ ಮೂಸಿತು. ಅವಳು ಹಗ್ಗ ಹಿಡಿದು ಹಾಗೇ ನಿಂತಳು. ಆಗರದಲ್ಲಿ ನೀರು ಕದಡಿದರೆ ಉಪ್ಪು ಕಟ್ಟುವುದಿಲ್ಲ. ಸುಮ್ಮನೆ ನಿಲ್ಲುವುದು ಉಪ್ಪಿನವರಿಗೆ ಹುಟ್ಟಾ ಬಂದ ವಿದ್ಯೆ. ಹೊಟ್ಟೆ ಬಿಕ್ಕಳಿಸಿದ ಹಾಗೆ ಜಗ್ಗಿತು, ನಿಂತಳು. ಎದೆ ಬಡಿತ ನಿಧಾನವಾಗಿ, ಇನ್ನೂ ನಿಧಾನವಾಗಿ, ನಿಂತೇ ಹೋಯಿತೇನೋ ಅನ್ನಿಸಿತು, ಆಗಲೂ ನಿಂತಳು. ಹಾವುಮೀನಿಗೆ ಬೇಜಾರು ಬಂದು ನಿದ್ದೆ ಹೋಯಿತು. ದೇಮಿ ಮೇಲೆ ಬಂದಾಗ ತುಟಿ ನೀಲಿಯಾಗಿತ್ತು. ಅಜ್ಜಿ ಅವಳನ್ನು ಎದೆಗೊತ್ತಿಕೊಂಡು ಎರಡು ಬೈಗುಳ ಬೈದಳು, ಆಮೇಲೆ ಅತ್ತಳು.

ಮೂರನೆಯ ದಿನ ಬೆಳಗ್ಗೆ ಅಜ್ಜಿ ಹಗ್ಗದ ತುದಿ ದೇಮಿಯ ಕೈಗೆ ಕೊಟ್ಟಳು. "ಅಣ್ಣನ ನಡುವಿಗೆ ಕಟ್ಟಿ ಮೂರು ಸಲ ಜಗ್ಗು. ನಾನು ಎಳ್ಕೋತೀನಿ. ಬಿಸಿಲು ಬಿದ್ರೆ ಮಾಯೆ ಬಿಟ್ಟೀತು. ನೀನು ಮೇಲೆ ಬರೋವಾಗ ಏಳು ಮಾರಿನಲ್ಲಿ ನಾನು ಎದುರಿಗೆ ಬರ್ತೀನಿ. ಹೋಗಿ ಬಾ ಮಗಳೇ."

ದೇಮಿ ಆಮೆಯನ್ನು ದಾಟಿದಳು, ನಿದ್ದೆಯಲ್ಲಿದ್ದ ಹಾವುಮೀನನ್ನು ದಾಟಿದಳು. ಹತ್ತು ಮಾರು. ಹನ್ನೊಂದು. ಹನ್ನೆರಡು. ನೀರು ಅಲ್ಲಿ ಹಂಡೆಯ ನೀರಿನಷ್ಟು ಬಿಸಿಯಾಗಿತ್ತು. ಬಿಳೀ ಕಾಡಿನ ನಡುವೆ ಜಟ್ಟಣ್ಣ ಬಿಳೀ ಕಲ್ಲಾಗಿ ನಿಂತಿದ್ದ. ಹುಬ್ಬು, ಮೂಗು, ಕಿವಿಯ ಮೇಲಿನ ಗಾಯದ ಕಲೆ, ಎಲ್ಲ ಹಾಗೇ ಇದ್ದವು. ಬೆರಳ ತುದಿಗಳು ಮಾತ್ರ ಆಗಲೇ ಹಿಟ್ಟುಹಿಟ್ಟಾಗುತ್ತಿದ್ದವು. ದೇಮಿ ತಡಮಾಡಲಿಲ್ಲ. ಅವಸರದಲ್ಲಿ ಅವನ ನಡುವಿಗೆ ಹಗ್ಗ ಸುತ್ತಿದಳು.

ಹಗ್ಗ ಚರ್ ಅಂತ ಸುಟ್ಟು ತುಂಡಾಯಿತು.

"ಬಂದಳು ನೋಡಪ್ಪ ಇನ್ನೊಬ್ಬಳು!" ಕಿಚ್ಚಯ್ಯ ಹವಳದ ಸಂದಿಯಿಂದ ಎದ್ದುಬಂದ. ಬೆಂಕಿಯ ಹೊಟ್ಟೆ ಮುಂದೆ, ಅವನು ಹಿಂದೆ. "ಒಬ್ಬ ಅಣ್ಣ, ಅವನಿಗೋಸ್ಕರ ಸಾಯೋಕೆ ಒಬ್ಬಳು ತಂಗಿ! ನನಗೆ ಯಾರಿದಾರೆ? ಹಾಂ? ಉರೀತದೆ ನನಗೆ, ಉರೀತದೆ!"

ದೇಮಿ ಬಾಯಿ ಬಿಗಿಹಿಡಿದಳು. ಎದೆಯಲ್ಲಿದ್ದದ್ದು ಅರ್ಧ ಉಸಿರು.

"ಏನು ದುರುದುರು ನೋಡ್ತೀಯ? ನಿನ್ನಣ್ಣನ್ನ ನಾನೇನು ಕೊಲ್ಲಲಿಲ್ಲ. ಈಟಿ ಹಿಡ್ಕೊಂಡು ಬಂದ ಮಹಾಶೂರ, ತಾನೇ ಬಂಡೆ ಸಂದೀಲಿ ಕಾಲು ಸಿಕ್ಕಿಸಿಕೊಂಡ. ಉಸಿರು ಮುಗೀತು. ಸಾಯೋಕೆ ಹೊರಟ. ನನ್ನ ಅಂಗಳದಲ್ಲಿ ಹೆಣ! ಥೂ! ಅದಕ್ಕೇ ಪ್ರಾಣ ಹೋಗೋ ಮೊದಲೇ ಹವಳ ಮಾಡಿ ನಿಲ್ಲಿಸಿದೆ. ಇಲ್ಲದಿದ್ರೆ ಅವತ್ತೇ ಗೊಟಕ್ ಅಂತಿದ್ದ. ಸಾಯಂಕಾಲ ಪುಡಿಯಾದ್ರೆ ಗುಡಿಸೋದೂ ಸುಲಭ."

ದೇಮಿಯ ಕಿವಿಗೆ ಬಿದ್ದದ್ದು ಒಂದೇ ಮಾತು. ಅಣ್ಣ ಅವತ್ತೇ ಸಾಯಬೇಕಿತ್ತು, ಸಾಯಲಿಲ್ಲ. ಅವನ ಪ್ರಾಣ ಇನ್ನೂ ಒಳಗಿದೆ. ನಿಲ್ಲಿಸಿದವನು ಇವನು! ಮುಳುಗಜ್ಜಿಯ ಪಾಠ ಗಾಳಿಗೆ ಹೋಯಿತು. ಕೊಡ ನೀರು ಎತ್ತಿಕೊಟ್ಟವರಿಗೆ, ಮುಳ್ಳು ತೆಗೆದವರಿಗೆ, ಯಾರಿಗೇ ಆಗಲಿ ನಮ್ಮವರ ಬಾಯಿಂದ ತಾನೇ ಉದುರುವ ಮಾತೊಂದಿದೆಯಲ್ಲ, ಅದು ಅವಳ ಬಾಯಿಂದಲೂ ಉದುರಿಬಿಟ್ಟಿತು.

"ಅಯ್ಯೋ ನಮ್ಮಪ್ಪಾ! ನಿನ್ನ ಹೊಟ್ಟೆ ತಣ್ಣಗಿರಲಿ!"

ನೀರಿನೊಳಗೆ ಮಾತು ಎಲ್ಲಿ ಕೇಳುತ್ತದೆ? ಗುಳುಗುಳು ಗುಳ್ಳೆ, ಅಷ್ಟೇ. ಆದರೆ ಕಿಚ್ಚಯ್ಯ ನೀರಿನವನು, ಗುಳ್ಳೆಯ ಮಾತೂ ಅವನಿಗೆ ತಿಳಿಯುತ್ತಿತ್ತು. ಹುಟ್ಟಿದಾಗಿನಿಂದ ಒಬ್ಬರೂ ಅವನಿಗೆ ಈ ಮಾತು ಹೇಳಿರಲಿಲ್ಲ. ಹೇಳಿಸಿಕೊಳ್ಳುವಂಥ ಕೆಲಸವನ್ನು ಅವನೂ ಮಾಡಿರಲಿಲ್ಲ ಅನ್ನಿ. ಇರುವ ಒಂದೇ ಉಸಿರನ್ನು ಖರ್ಚು ಮಾಡಿ, ಮನಸ್ಸು ತುಂಬಿ ಹೇಳಿದ ಮಾತು ಸುಳ್ಳಾಗುತ್ತದೆಯೇ? ನೆಟ್ಟಗೆ ಹೋಗಿ ಅವನ ಹೊಟ್ಟೆಗೇ ತಾಗಿತು. ಚುಂಯ್ ಅಂತು. ಮುನ್ನೂರು ವರ್ಷದ ಬೆಂಕಿ ಆರಿತು.

ಕಿಚ್ಚಯ್ಯ ತನ್ನ ಹೊಟ್ಟೆಯನ್ನು ಮುಟ್ಟಿ ನೋಡಿಕೊಂಡ. ಇನ್ನೊಮ್ಮೆ ಮುಟ್ಟಿದ. ಅವನ ಸುತ್ತಲಿನ ನೀರು ತಣ್ಣಗಾಯಿತು, ತಂಪು ಹಬ್ಬಿದ ಕಡೆಯೆಲ್ಲ ಹವಳಕ್ಕೆ ಬಣ್ಣ ಬಂತು. ಜಟ್ಟಣ್ಣನ ಕೆನ್ನೆಗೂ ಬಂತು. ಬಂದದ್ದೇ ತಡ, ಅವನು ಕಾಲು ಬಿಡಿಸಿಕೊಳ್ಳಲು ಒದ್ದಾಡತೊಡಗಿದ. ಇತ್ತ ದೇಮಿಗೆ ಕಣ್ಣು ಕತ್ತಲೆ ಕಟ್ಟುತ್ತಿತ್ತು. ಆಗ ಕಿಚ್ಚಯ್ಯ ಬಂಡೆಯನ್ನು ಒಂದೇ ಕೈಯಲ್ಲಿ ಎತ್ತಿ ಎಸೆದ. ಅಣ್ಣನನ್ನು ಒಂದು ಕಂಕುಳಲ್ಲಿ, ತಂಗಿಯನ್ನು ಇನ್ನೊಂದು ಕಂಕುಳಲ್ಲಿ ಇರುಕಿಕೊಂಡು ಮೇಲಕ್ಕೆ ಹೊರಟ.

ಏಳು ಮಾರಿನಲ್ಲಿ ಮುಳುಗಜ್ಜಿ ಎದುರಾದಳು. ಮಕ್ಕಳನ್ನು ಮಾಂತ್ರಿಕ ಎತ್ತಿಕೊಂಡು ಹೋಗುತ್ತಿದ್ದಾನೆ ಅಂದುಕೊಂಡು ಅವನ ಗಡ್ಡ ಹಿಡಿದು ನೇತಾಡುತ್ತಲೇ ಮೇಲೆ ಬಂದಳು. ದೋಣಿ ಹತ್ತಿದವಳೇ ಹುಟ್ಟುಗೋಲಿನಿಂದ ಅವನ ತಲೆಗೆ ಒಂದು ಬಿಗಿದಳು. ಅವನು ಏಟು ತಿಂದುಕೊಂಡೇ ಇಬ್ಬರನ್ನೂ ದೋಣಿಯೊಳಗೆ ಮಲಗಿಸಿದ.

"ಅಜ್ಜೀ, ಹೊಡೀಬೇಡ! ಅವನು..." ದೇಮಿ ಏದುಸಿರಿನಲ್ಲೇ ಶುರುಮಾಡಿದಳು.

"ಮೊದಲು ಉಸಿರು, ಆಮೇಲೆ ಮಾತು!" ಅಜ್ಜಿ ಗದರಿದಳು.

ಜಟ್ಟಣ್ಣ ಕೆಮ್ಮಿ, ನೀರು ಕಕ್ಕಿ, ಕಣ್ಣು ಬಿಟ್ಟ. "ದೇಮೀ? ನಿನಗೆ ಈಜೋಕೇ ಬರಲ್ಲವಲ್ಲೇ!" ಅಂದ. ದೇಮಿ ಅವನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಹತ್ತೂ ಇದ್ದವು. ಅವನ ಎದೆಯ ಮೇಲೆ ತಲೆಯಿಟ್ಟು ಹೋ ಅಂತ ಅತ್ತಳು. ಕಡಲಿಗೆ, ದೇವರಿಗೆ, ಅಜ್ಜಿಗೆ, ದೋಣಿಯ ಹಲಗೆಗೂ ಕೈಮುಗಿದಳು.

ದಡದಲ್ಲಿ ತೆರೆರಾಯ ಓಡೋಡಿ ಬಂದ. "ಮಗಳೇ, ಅರ್ಧ ರಾಜ್ಯ ನಿನ್ನದು! ಯಾವ ಅರ್ಧ ಬೇಕು ಹೇಳು!"

"ಅರ್ಧ ರಾಜ್ಯ ಕಟ್ಟಿಕೊಂಡು ನಾನೇನು ಮಾಡಲಿ ಬುದ್ಧೀ, ಆಗರದ ಕೆಲಸಾನೇ ಸಾಕಾಗಿದೆ," ಅಂದಳು ದೇಮಿ. "ಒಂದು ದಪ್ಪ ಕಂಬಳಿ ಕೊಡಿಸಿ. ಊಟದ ಪಂಕ್ತೀಲಿ ಒಂದು ಎಲೆ ಜಾಸ್ತಿ ಹಾಕಿಸಿ. ಈ ಕಿಚ್ಚಯ್ಯನಿಗೆ ಬೆಂಕಿ ಆರಿ ಚಳಿ ಹತ್ತಿದೆ."

ನಿಜಕ್ಕೂ ಅವನು ಗಡಗಡ ನಡುಗುತ್ತಿದ್ದ. ಮುನ್ನೂರು ವರ್ಷದಲ್ಲಿ ಮೊದಲ ಚಳಿ.

ಅಂದು ಏಳುತೆರೆಯಲ್ಲಿ ಊರಿಗೆಲ್ಲ ಊಟ. ಕಿಚ್ಚಯ್ಯನನ್ನು ಕಂಬಳಿ ಹೊದಿಸಿ ಜಟ್ಟಣ್ಣನ ಪಕ್ಕದಲ್ಲೇ ಕೂರಿಸಿದರು. ಹುಡುಗರು ಅವನ ಹೊಕ್ಕುಳ ನೋಡಲು ಹಣಕಿದರು, ಅಜ್ಜಿ ಅಟ್ಟಿದಳು. ದೇಮಿ ತಾನೇ ನಿಂತು ಅನ್ನ ಬಡಿಸಿದಳು, ಸಾರು ಬಡಿಸಿದಳು, ಕೊನೆಗೆ ಮಜ್ಜಿಗೆ ಹೊಯ್ದಳು. ಅವನು ಎಲೆ ಬಳಿದು ಉಂಡ. ಉಂಡವನಿಗೆ ಏನೋ ಹೇಳಬೇಕು ಅಂತ ಆಸೆ. ತನಗೆ ಹೇಳಿದ ಆ ಮಾತನ್ನೇ ಅವಳಿಗೆ ತಿರುಗಿ ಹೇಳಬೇಕು. ಆದರೆ ನಾಲಿಗೆಗೆ ಅಭ್ಯಾಸವೇ ಇಲ್ಲ. ಬಾಯಿ ತೆರೆದ, ಮುಚ್ಚಿದ. ಮತ್ತೆ ತೆರೆದ, ಮುಚ್ಚಿದ. ಪಂಕ್ತಿಗೆ ಪಂಕ್ತಿಯೇ ಕೈ ತೊಳೆಯದೆ ಕಾದು ಕೂತಿತು. ಮೂರನೆಯ ಸಲ ಮಾತು ಬಂತು, ಬಂದದ್ದು ಮಾತ್ರ ತಪ್ಪಾಗಿ ಬಂತು.

"ನನ್ನ... ನನ್ನ ಹೊಟ್ಟೆ ತಣ್ಣಗಾಯ್ತವ್ವಾ," ಅಂದ.

ತಪ್ಪು ಅಂತ ಯಾರೂ ಅನ್ನಲಿಲ್ಲ. ದೇಮಿ ಸೆರಗಿನಿಂದ ಕಣ್ಣೊರೆಸಿಕೊಂಡು, ಇನ್ನೊಂದು ಸೌಟು ಮಜ್ಜಿಗೆ ಹೊಯ್ದಳು.

ಮೀನು ಊರಿಗೆ ಮರಳಿದವು, ಬಾವಿಗೆ ನೀರು ಮರಳಿತು. ಏಳುತೆರೆಯವರು ಉಂಡು ಉಟ್ಟು ನೂರು ಕಾಲ ಚೆನ್ನಾಗಿ ಬಾಳಿದರು, ಅವರ ಕತೆ ಹೇಳಿದ ನನಗೂ ಕೇಳಿದ ನಿಮಗೂ ಅದೇ ಬಾಳು ಸಿಗಲಿ.