ಒಂದು ಹಲ್ಲಿನ ತಪ್ಪು

ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಠಾಣೆಯ ಮೆಟ್ಟಿಲು ಹತ್ತಿದ್ದು ಹನ್ನೆರಡನೇ ತಾರೀಖು, ಮಂಗಳವಾರ, ಬೆಳಗ್ಗೆ ಹತ್ತೂಕಾಲಿಗೆ. ಹಣೆಗೆ ಪಟ್ಟಿ, ಕೈಯಲ್ಲಿ ದೂರಿನ ಕಾಗದ. ಹಿಂದಿನ ದಿನ ಅವರ ಕಾರು ದೊಡ್ಡ ಸರ್ಕಲ್ಲಿನ ನಟ್ಟನಡುವೆ ಗಕ್ಕನೆ ನಿಂತು, ಪಕ್ಕದಿಂದ ಬಂದ ಲಾರಿ ಗುದ್ದಿತ್ತು. ಸ್ಟಿಯರಿಂಗ್ ಹಿಡಿದಿದ್ದವಳು ಕಲಿಯಲು ಬಂದಿದ್ದ ಟೈಲರಮ್ಮ. ಅವಳ ಬಲಗಾಲು ಎರಡು ಕಡೆ ಮುರಿದಿತ್ತು.

“ಟೈಮಿಂಗ್ ಬೆಲ್ಟ್ ಹಾಕಿಸಿ ನಾಲ್ಕು ದಿನ ಆಗಿತ್ತು ಮೇಡಂ. ಅವತ್ತಿಂದ ಇಂಜಿನ್ನು ಗಡಗಡ ನಡುಗ್ತಿತ್ತು. ಏರು ಹತ್ತೋಕೆ ಉಸಿರೇ ಇರಲಿಲ್ಲ. ಗ್ಯಾರೇಜಿನ ಮೇಸ್ತ್ರಿನ ಕೇಳಿದ್ರೆ, ಹೊಸ ಬೆಲ್ಟು ಹೊಸ ಚಪ್ಪಲಿ ಇದ್ದ ಹಾಗೆ, ನಾಲ್ಕು ದಿನ ಕಚ್ಚುತ್ತೆ ಅಂದ.”

“ಅಂಥ ಗಾಡೀಲಿ ಕಲಿಯೋರನ್ನ ಯಾಕೆ ಕೂರಿಸಿದ್ರಿ?” ಇನ್ಸ್‌ಪೆಕ್ಟರ್ ಕೇಳಿದಳು.

ಮೇಷ್ಟ್ರು ತಲೆ ತಗ್ಗಿಸಿದರು. “ಆ ಮೇಸ್ತ್ರಿ ಮಾತು ಅಂದ್ರೆ ಊರಿಗೇ ವೇದವಾಕ್ಯ ಮೇಡಂ.”

ಎಫ್‌ಐಆರ್ ದಾಖಲಾಯಿತು. ಸಂಜೆಯೊಳಗೆ ದಫೇದಾರರು ಇನ್ನೆರಡು ಕಾರು ಪತ್ತೆ ಹಚ್ಚಿದರು. ಅದೇ ಗ್ಯಾರೇಜು, ಹನ್ನೊಂದು ದಿನಗಳೊಳಗೆ ಹಾಕಿದ ಬೆಲ್ಟು, ಅದೇ ನಡುಕ.

“ಬರೋ ವಾರ ನನ್ನ ಗಾಡೀನೂ ಅಲ್ಲೇ ಬಿಡೋಣ ಅಂತಿದ್ದೆ,” ಎಂದರು ದಫೇದಾರರು. “ಹೆಂಡತಿ ಪುಣ್ಯ, ಉಳ್ಕೊಂಡೆ.”

ಬುಧವಾರ ಹನ್ನೊಂದು ಗಂಟೆಗೆ, ಇಬ್ಬರು ಪಂಚರ ಎದುರು, ಮೋಟಾರು ವಾಹನ ನಿರೀಕ್ಷಕರು ಜಖಂಗೊಂಡ ಕಾರಿನ ಇಂಜಿನ್ ಕವರು ಬಿಚ್ಚಿದರು. ಮೇಲೊಂದು ಹಲ್ಲಿನ ಚಕ್ರ, ಕೆಳಗೊಂದು. ಎರಡನ್ನೂ ಬಿಗಿದ ಕಪ್ಪು ಬೆಲ್ಟು.

“ಇವೆರಡೂ ತಾಳ ತಪ್ಪದೆ ತಿರುಗಬೇಕು. ಅದಕ್ಕೇ ಚಕ್ರದ ಮೇಲೆ ಕಂಪನಿಯವರೇ ಒಂದು ಗೀಟು ಕೊರೆದಿರ್ತಾರೆ. ಅದು ಕಾಣಲಿ ಅಂತ ಮೆಕ್ಯಾನಿಕ್‌ಗಳು ಬಿಳಿ ಬಣ್ಣ ಹಚ್ಕೋತಾರೆ. ಇಲ್ಲಿ ನೋಡಿ.”

ಇನ್ಸ್‌ಪೆಕ್ಟರ್ ಬಗ್ಗಿದಳು. ಗೀಟು ಒಂದು ಕಡೆ, ಬಿಳಿ ಚುಕ್ಕೆ ಅದರ ಬಲಪಕ್ಕದ ಹಲ್ಲಿನ ಮೇಲೆ.

“ಒಂದೇ ಹಲ್ಲು ತಪ್ಪಿದೆ. ಗಾಡಿ ಸ್ಟಾರ್ಟ್ ಆಗುತ್ತೆ, ಓಡುತ್ತೆ. ಆದ್ರೆ ಶಕ್ತಿ ಇರಲ್ಲ, ಎಲ್ಲಿ ಬೇಕಾದ್ರೂ ನಿಂತುಬಿಡುತ್ತೆ.”

ಉಳಿದೆರಡು ಕಾರುಗಳನ್ನೂ ಬಿಚ್ಚಿಸಿದರು. ಅದೇ ಬಲಗಡೆಯ ಹಲ್ಲು, ಅಕ್ಕಿಕಾಳಿನಷ್ಟೇ ನಾಜೂಕಾದ ಚುಕ್ಕೆ.

“ಕೈತಪ್ಪು ಅಂದ್ರೆ ಒಂದೊಂದು ಸಲ ಒಂದೊಂದು ಥರ ಆಗುತ್ತೆ,” ಎಂದಳು ಇನ್ಸ್‌ಪೆಕ್ಟರ್. “ಇದು ಲೆಕ್ಕ ಹಾಕಿ ಮಾಡಿದ್ದು.”

ಗುರುವಾರ ಮಧ್ಯಾಹ್ನ ಎರಡಕ್ಕೆ ಅವಳು ದಫೇದಾರರು, ಪಂಚರ ಜೊತೆ ಗ್ಯಾರೇಜಿಗೆ ಹೋದಳು. ಮುಂದೆ ಶೆಡ್ಡು, ಹಿಂದೆ ಮನೆ, ನಡುವೆ ಅಡುಗೆಮನೆಯ ಬಾಗಿಲು. ಕವರು ಬಿಚ್ಚಿದ ಕಾರೊಂದು ನಿಂತಿತ್ತು. ಕವರು ಬಿಚ್ಚಿಟ್ಟು ಊಟಕ್ಕೆ ಹೋಗಿ, ಉಂಡು ಬಂದು ಬೆಲ್ಟಿಗೆ ಕೈ ಹಾಕುವುದು ಮೇಸ್ತ್ರಿಯ ಪದ್ಧತಿ. ಅವತ್ತಿನ್ನೂ ಊಟ ಆಗಿರಲಿಲ್ಲ.

“ಬಣ್ಣ ಹಚ್ಚೋದು ಯಾರು?”

“ಇನ್ಯಾರು? ನಾನೇ. ಮೂವತ್ತು ವರ್ಷದ ಕೈ ಮೇಡಂ ಇದು. ಯಾರೋ ಆಗದವರು ಮಾಡಿಸಿದ್ದಾರೆ.”

“ಇದಕ್ಕಿನ್ನೂ ಹಚ್ಚಿಲ್ಲ. ಗೀಟು ಎಲ್ಲಿದೆ ತೋರಿಸಿ.”

ಮೇಸ್ತ್ರಿ ಬಟ್ಟೆಯಿಂದ ಚಕ್ರ ಒರೆಸಿದ. ಟಾರ್ಚು ಹಿಡಿದ. ಹೆಬ್ಬೆರಳಿನಿಂದ ಸವರಿದ. ಕೊನೆಗೆ ಬೆರಳಿಟ್ಟಿದ್ದು ಒಂದು ತುಕ್ಕಿನ ಗೆರೆಯ ಮೇಲೆ. ಇನ್ಸ್‌ಪೆಕ್ಟರ್ ಅವನ ಬೆರಳು ಬಿಟ್ಟು ಅಡುಗೆಮನೆಯ ಹೊಸ್ತಿಲು ನೋಡುತ್ತಿದ್ದಳು. ಅಲ್ಲಿ ನಿಂತಿದ್ದ ಅವನ ಹೆಂಡತಿಯ ನೋಟ ಚಕ್ರದ ಮೇಲೆ ನೆಟ್ಟಗೆ ಒಂದು ಕಡೆ ಕೂತು, ಸರ್ರನೆ ನೆಲಕ್ಕಿಳಿಯಿತು.

ಗಂಡನ ಕೊರತೆಯನ್ನು ಮುಚ್ಚುವುದು ಕುಪ್ಪಸದ ಒಳಮಗ್ಗುಲಿಗೆ ತೇಪೆ ಹಾಕಿದ ಹಾಗೆ. ಹಾಕಿದವಳ ಮೈಗೆ ಮಾತ್ರ ಅದು ಚುಚ್ಚುತ್ತಿರುತ್ತದೆ. ಇನ್ಸ್‌ಪೆಕ್ಟರ್ ಒಳಗೆ ಹೋದಳು.

ಮೇಜಿನ ಹತ್ತಿರ ಇಪ್ಪತ್ತೆರಡರ ಮಗಳು ಎಡಗೈಯಲ್ಲಿ ಅಕ್ಷರ ತಿದ್ದುತ್ತಿದ್ದಳು. ಬಲಗೈಯಲ್ಲಿ ಎರಡು ಬೆರಳಿರಲಿಲ್ಲ.

“ಏನಾಯ್ತಮ್ಮ ಕೈಗೆ?”

“ಬೆಲ್ಟಿಗೆ ಸಿಕ್ಕಿಕೊಳ್ತು. ಹೋದ ವರ್ಷ. ನನ್ನದೇ ಅಜಾಗರೂಕತೆ.” ಬಾಯಿಪಾಠ ಒಪ್ಪಿಸಿದಂತಿತ್ತು ಆ ಮಾತು.

ಇನ್ಸ್‌ಪೆಕ್ಟರ್ ತಾಯಿಯತ್ತ ತಿರುಗಿದಳು. “ಎಷ್ಟು ವರ್ಷದಿಂದ ಬಣ್ಣ ಹಚ್ತಿದೀರಿ?”

“ಐದು. ಅವರಿಗೆ ಹತ್ತಿರದ್ದು ಕಾಣಲ್ಲ. ಕನ್ನಡಕ ಹಾಕಿದ್ರೆ ಮರ್ಯಾದೆ ಹೋಗುತ್ತಂತೆ. ಅವರು ಊಟಕ್ಕೆ ಕೂತಾಗ ನಾನು ಹೋಗಿ ಚುಕ್ಕೆ ಇಟ್ಟು ಬರ್ತಿದ್ದೆ. ನಾವಿಬ್ರೂ ಒಂದು ದಿನವೂ ಅದರ ಮಾತಾಡಿಲ್ಲ.”

“ಈಗ ಯಾಕೆ ಪಕ್ಕದ ಹಲ್ಲಿಗೆ ಇಟ್ರಿ?”

ಅವಳ ದನಿ ಏರಲಿಲ್ಲ. “ಇವಳು ಕೈ ಒಳಗಿಟ್ಟಿದ್ಲು. ಅವರು ನೋಡದೇ ಕೀ ತಿರುಗಿಸಿದ್ರು. ಆಸ್ಪತ್ರೇಲಿ ಹತ್ತು ಜನರೆದುರು, ಹುಡುಗಿಗೆ ಜಾಗ್ರತೆ ಇಲ್ಲ ಅಂದ್ರು. ಇವಳು ಅದನ್ನೇ ನಂಬಿ ಕೂತಿದಾಳೆ. ಹದಿನಾಲ್ಕು ತಿಂಗಳು ಅನ್ನ ಬಡಿಸಿದೀನಿ ಮೇಡಂ, ಒಳಗೆ ಕೆಂಡ ಇಟ್ಕೊಂಡು. ಮಾಡದ ತಪ್ಪಿಗೆ ತಲೆ ತಗ್ಗಿಸೋದು ಹೇಗಿರುತ್ತೆ ಅಂತ ಅವರಿಗೂ ಗೊತ್ತಾಗಲಿ ಅಂತ ಮಾಡಿದೆ.”

“ಟೈಲರಮ್ಮ ನಿಮಗೇನು ಮಾಡಿದ್ಲು?”

“ಗಾಡಿ ನಡುಗುತ್ತೆ, ಅವರ ಹೆಸರು ಕೆಡುತ್ತೆ, ಅಷ್ಟೇ ಅಂದ್ಕೊಂಡಿದ್ದೆ. ಮುರಿದದ್ದು ಹೊಲಿಗೆ ಮಷೀನು ತುಳಿಯೋ ಕಾಲಾ?”

“ಹೌದು.”

ಅವಳು ಗೋಡೆ ಹಿಡಿದು ಕೆಳಗೆ ಕೂತಳು. “ಹಾಗಾದ್ರೆ ನನ್ನನ್ನ ಬಿಡಬೇಡಿ.”

ಮೇಸ್ತ್ರಿ ಬಾಗಿಲಲ್ಲಿ ನಿಂತಿದ್ದ. “ಮನೆಹಾಳಿ, ನನ್ನ ಹೆಸರಿಗೆ ಮಣ್ಣು ಹಾಕಿದೆಯಲ್ಲೇ,” ಎಂದ.

ಮಗಳು ಪೆನ್ನು ಕೆಳಗಿಟ್ಟಳು. “ಅಪ್ಪ, ಆವತ್ತು ನನ್ನ ಕೈ ಅಲ್ಲಿದ್ದದ್ದು ನಿಮಗೆ ಕಾಣಿಸಿತ್ತಾ?”

“ಈಗ ಅದೆಲ್ಲ ಯಾಕೆ?”

“ಕಾಣಿಸಿತ್ತಾ?”

ದಫೇದಾರರು ಇದ್ದರು, ಪಂಚರಿದ್ದರು, ಬೇಲಿಯಾಚೆ ನೆರೆಯವರಿದ್ದರು. ಮೇಸ್ತ್ರಿ ಎಲ್ಲರ ಮುಖ ನೋಡಿದ. “ಇಲ್ಲ,” ಎಂದ. “ಕಾಣಿಸಲಿಲ್ಲ.”

ದಸ್ತಗಿರಿಯ ವೇಳೆ ಮೂರು ಗಂಟೆ ಇಪ್ಪತ್ತು ನಿಮಿಷ. ಕಾರಣದ ಕಡೆ ದಫೇದಾರರು ‘ವೈಯಕ್ತಿಕ ದ್ವೇಷ’ ಎಂದು ಬರೆದರು. ಇನ್ಸ್‌ಪೆಕ್ಟರ್ ಅದನ್ನು ಹೊಡೆದು ಹಾಕಲಿಲ್ಲ. ಕೆಳಗೆ ತನ್ನ ಕೈಯಲ್ಲೇ ಇನ್ನೊಂದು ಸಾಲು ಸೇರಿಸಿದಳು: ‘ಹಿಂದಿನ ವರ್ಷ ಮಗಳ ಬೆರಳು ಹೋದದ್ದು ಮಗಳ ತಪ್ಪಿನಿಂದಲ್ಲವೆಂದು ತಂದೆ ಸಾಕ್ಷಿಗಳ ಎದುರು ಒಪ್ಪಿರುತ್ತಾರೆ.’ ಆ ಸಾಲನ್ನು ಮಗಳಿಗೆ ಗಟ್ಟಿಯಾಗಿ ಓದಿ ಹೇಳಿದಳು. ತಾಯಿ ಅದು ಮುಗಿಯುವವರೆಗೆ ಕಾದಿದ್ದು, ಆಮೇಲೆ ಯಾರೂ ಕರೆಯದೆ ತಾನೇ ಎದ್ದು ಜೀಪು ಹತ್ತಿದಳು.